30 ಎಂಎಂ ಕಾರ್ಬೊರೇಟರ್ ತೆಗೆದು 28 ಹಾಕಿದ ಮೇಲೆ ಇಂಜಿನ್ ಮಾತು ಕೇಳಿತು

ನನ್ನ ಬೈಕಿನ ಸಿಲಿಂಡರ್ ಬೋರ್ ಮಾಡಿಸಿ, ಅಂದರೆ ಕೊರೆಸಿ ಅಗಲ ಮಾಡಿಸಿ, 57 ಎಂಎಂ ಪಿಸ್ಟನ್ ಜಾಗಕ್ಕೆ 61 ಎಂಎಂ ಹಾಕಿದೆ. 150 ಸಿಸಿ ಇದ್ದದ್ದು ಸುಮಾರು 170 ಆಯಿತು. ವಾಲ್ವ್ ತೆರೆಯುವ ಕ್ಯಾಮ್, ಸೈಲೆನ್ಸರ್ ಎರಡನ್ನೂ ಬದಲಾಯಿಸಿದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಹಳೆಯ 26 ಎಂಎಂ ಕಾರ್ಬೊರೇಟರ್ ಇದಕ್ಕೆ ಸಾಲದು ಅನ್ನಿಸಿ ನೇರವಾಗಿ 30 ಎಂಎಂ ಕೂರಿಸಿಬಿಟ್ಟೆ.

ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನಿಧಾನವಾಗಿ ಹೋಗುತ್ತಿದ್ದು ಆಕ್ಸಿಲರೇಟರ್ ಕೊಟ್ಟರೆ ಒಂದು ಕ್ಷಣ ಉಸಿರು ಕಟ್ಟಿದ ಹಾಗಾಗಿ, ಆಮೇಲೆ ಎಳೆಯುತ್ತಿತ್ತು. ಎರಡು ವಾರ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಬದಲಾಯಿಸುತ್ತಾ ಕೂತೆ. ತಪ್ಪು ಜೆಟ್‌ನಲ್ಲಿ ಇರಲೇ ಇಲ್ಲ. ಕಾರ್ಬೊರೇಟರ್ ಬಾಯಿ ದೊಡ್ಡದಾದಷ್ಟೂ ಒಳಗೆ ಹೋಗುವ ಗಾಳಿಯ ವೇಗ ಕಡಿಮೆ. ಗಾಳಿಗೆ ವೇಗವಿಲ್ಲದಿದ್ದರೆ ಪೆಟ್ರೋಲ್ ಮೇಲೇಳುವುದಿಲ್ಲ. ಜೊತೆಗೆ ನನ್ನ ಹಳೆಯದು ಸಿವಿ ಕಾರ್ಬೊರೇಟರ್. ಅದರಲ್ಲಿ ಸ್ಲೈಡ್, ಅಂದರೆ ಗಾಳಿಯ ದಾರಿಯನ್ನು ಮುಚ್ಚಿ ತೆರೆಯುವ ತುಂಡು, ಎತ್ತುವುದು ಇಂಜಿನ್ ಗಾಳಿ ಹೀರುವಾಗಿನ ವ್ಯಾಕ್ಯೂಮ್. ನಾವು ಎಷ್ಟೇ ಜೋರಾಗಿ ತಿರುವಿದರೂ ಇಂಜಿನ್ನಿಗೆ ಬೇಕಾದಷ್ಟೇ ಸ್ಲೈಡ್ ಏಳುತ್ತದೆ. ಹೊಸದರಲ್ಲಿ ಸ್ಲೈಡ್ ಎಳೆಯುವುದು ಕೇಬಲ್, ಅಂದರೆ ನನ್ನ ಕೈ. ಕೈಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

30 ತೆಗೆದು 28 ಎಂಎಂ ಫ್ಲಾಟ್ ಸ್ಲೈಡ್ (ಚಪ್ಪಟೆ ಸ್ಲೈಡಿನ ಕಾರ್ಬೊರೇಟರ್) ಹಾಕಿದೆ. ಆ ಉಸಿರು ಕಟ್ಟುವುದು ಅರ್ಧಕ್ಕರ್ಧ ಅಲ್ಲೇ ಹೋಯಿತು. ಇನ್ನರ್ಧ ಟ್ಯೂನಿಂಗ್‌ನದು.

ಜೆಟ್ ಮುಟ್ಟುವ ಮೊದಲು ಎರಡು ವಿಷಯ ನೋಡಿಕೊಂಡೆ. ಕಾರ್ಬೊರೇಟರನ್ನು ಇಂಜಿನ್ನಿಗೆ ಸೇರಿಸುವ ಮ್ಯಾನಿಫೋಲ್ಡ್ ರಬ್ಬರ್‌ನಲ್ಲಿ ಗಾಳಿ ಸೋರುತ್ತಿದೆಯಾ, ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಎತ್ತರ ಸರಿಯಿದೆಯಾ. ಇವೆರಡು ಸರಿಯಿಲ್ಲದೆ ಮಾಡಿದ ಟ್ಯೂನಿಂಗ್ ಎಲ್ಲ ಸುಮ್ನೆ ವ್ಯರ್ಥ.

ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಒಂದು ತುಂಡು ಟೇಪ್. ಆಕ್ಸಿಲರೇಟರ್ ಹಿಡಿಗೆ ಬಿಳಿ ಟೇಪ್ ಸುತ್ತಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಪೆನ್ನಿನಲ್ಲಿ ಗೆರೆ ಎಳೆದೆ. ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಇನ್ನೊಂದು ಗೆರೆ. ಯಾವ ಜೆಟ್ ಕೆಲಸ ಮಾಡುತ್ತಿದೆ ಅಂತ ಹೇಳುವುದು ಆರ್‌ಪಿಎಂ ಅಲ್ಲ, ಹಿಡಿ ಎಷ್ಟು ತಿರುಗಿದೆ ಅನ್ನುವುದು. ಕಾಲು ಭಾಗದವರೆಗೆ ಪೈಲಟ್ ಜೆಟ್ ಮತ್ತು ಸ್ಲೈಡಿನ ಕೆಳಗಿನ ಕಚ್ಚು, ಕಾಲು ಭಾಗದಿಂದ ಮುಕ್ಕಾಲಿನವರೆಗೆ ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಸೂಜಿ), ಅಲ್ಲಿಂದ ಮೇಲೆ ಮೇನ್ ಜೆಟ್. ಗಡಿಗಳು ಒಂದರ ಮೇಲೊಂದು ಸ್ವಲ್ಪ ಹಾಯುತ್ತವೆ.

ಮೇನ್ ಜೆಟ್‌ನಿಂದ ಶುರು ಮಾಡಿದೆ, ಅದೂ ಬೇಕಂತಲೇ ದೊಡ್ಡದರಿಂದ. ಪೆಟ್ರೋಲ್ ಜಾಸ್ತಿಯಾದರೆ ಇಂಜಿನ್ ಮುಗ್ಗರಿಸುತ್ತದೆ ಅಷ್ಟೇ. ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ. 125 ನಂಬರಿನ ಜೆಟ್‌ನಲ್ಲಿ ಮೇಲಿನ ಆರ್‌ಪಿಎಂ ತಡವರಿಸಿತು. 122 ಪರವಾಗಿಲ್ಲ. 118ಕ್ಕೆ ಬಂದಾಗ ಸಲೀಸಾಗಿ ಎಳೆಯಿತು. 115ರಲ್ಲಿ ಪೂರ್ತಿ ತಿರುವಿದ ಹಿಡಿಯನ್ನು ಒಂದಿಷ್ಟು ಹಿಂದಕ್ಕೆ ಬಿಟ್ಟರೆ ಗಾಡಿ ಇನ್ನೂ ಚುರುಕಾಗುತ್ತಿತ್ತು. ಲೀನ್ ಆಗಿದೆ, ಅಂದರೆ ಪೆಟ್ರೋಲ್ ಕಡಿಮೆಯಾಗಿದೆ ಅನ್ನುವುದಕ್ಕೆ ಅದೇ ಗುರುತು. ವಾಪಸ್ 118ಕ್ಕೆ ಹೋದೆ. ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಖಾಲಿ ಟ್ರ್ಯಾಕಿನಲ್ಲಿ ಪೂರ್ತಿ ತಿರುವಿ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿದೆ. ತುದಿ ನೋಡಬಾರದು. ಬಿಳಿ ಪಿಂಗಾಣಿ ಒಳಗೆ ಇಳಿದು ಕೂತ ಬುಡವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಲ್ಲಿ ತಿಳಿ ಕಂದು ಬಣ್ಣದ ಉಂಗುರ ಕೂತಿತ್ತು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಜೆಟ್ ನಂಬರ್ ಬಗ್ಗೆ ಒಂದು ಮಾತು. ಮಿಕುನಿ, ಕೆಹಿನ್ ಎರಡೂ ಕಾರ್ಬೊರೇಟರ್ ಬ್ರ್ಯಾಂಡ್‌ಗಳು; ಮಿಕುನಿ ಜೆಟ್ಟಿನ ನಂಬರ್ ಮತ್ತು ಕೆಹಿನ್ ಜೆಟ್ಟಿನ ನಂಬರ್ ಒಂದೇ ಇದ್ದರೂ ಅಳತೆ ಒಂದೇ ಅಲ್ಲ.

ಆಮೇಲೆ ನೀಡಲ್. ಅರ್ಧ ಗೆರೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಡಿ ಸಣ್ಣಗೆ ಜಗ್ಗುತ್ತಿತ್ತು. ಚೋಕ್ ಸ್ವಲ್ಪ ಎಳೆದರೆ ಜಗ್ಗುವುದು ನಿಲ್ಲುತ್ತಿತ್ತು. ಪೆಟ್ರೋಲ್ ಸಾಲದು ಅಂತ ಅರ್ಥ, ಅಲ್ವಾ? ನೀಡಲ್ ಹಿಡಿದಿಡುವ ಕ್ಲಿಪ್ಪನ್ನು ಮೇಲಿನಿಂದ ಮೂರನೇ ಕಚ್ಚಿನಿಂದ ನಾಲ್ಕನೆಯದಕ್ಕೆ ಇಳಿಸಿದೆ. ಕ್ಲಿಪ್ ಕೆಳಗೆ ಹೋದರೆ ನೀಡಲ್ ಮೇಲೆ ಬರುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಇಲ್ಲಿ ಎಷ್ಟೋ ಜನ ಉಲ್ಟಾ ಮಾಡಿಕೊಳ್ಳುತ್ತಾರೆ.

ಕೊನೆಗೆ ಏರ್ ಸ್ಕ್ರೂ. ಪೈಲಟ್ ಜೆಟ್ಟಿನ ಪೆಟ್ರೋಲಿಗೆ ಬೆರೆಯುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವುದು ಇದು; ಒಳಗೆ ತಿರುಗಿಸಿದಷ್ಟೂ ಗಾಳಿ ಕಡಿಮೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗಕ್ಕೆ ತಂದು ನಿಲ್ಲಿಸಿದೆ. 38ರ ಪೈಲಟ್‌ನಲ್ಲಿ ಅದು ಪೂರ್ತಿ ಮುಚ್ಚಿದಲ್ಲಿಂದ ಮುಕ್ಕಾಲು ಸುತ್ತು ಬಿಚ್ಚಿದಾಗಲೇ ಬಂತು, ಅಂದರೆ ಜೆಟ್ ಚಿಕ್ಕದು. 40 ಹಾಕಿದ ಮೇಲೆ ಒಂದೂಮುಕ್ಕಾಲು ಸುತ್ತಿನಲ್ಲಿ ಸರಿಹೋಯಿತು. ಚಳಿಯಲ್ಲಿ ಗಾಳಿ ದಟ್ಟವಾದಾಗ ಕಾಲು ಸುತ್ತು ಒಳಗೆ ತಿರುಗಿಸುತ್ತೇನೆ, ಬಿಸಿಲು ಬಂದಾಗ ವಾಪಸ್. ಈ ಅಳತೆಗಳನ್ನೆಲ್ಲ ಬರೆದು ಸೀಟಿನ ಕೆಳಗೆ ಅಂಟಿಸಿದ್ದೇನೆ. ಹಿಡಿಯ ಮೇಲಿನ ಟೇಪನ್ನು ಇನ್ನೂ ಕಿತ್ತಿಲ್ಲ.