ಅಪ್ಪನ ಬಗ್ಗೆ ಏಳು ನಿಮಿಷ

ಅಪ್ಪ ಹೋಗಿ ಒಂದು ವಾರ ಆಗಿತ್ತು. ಎಲ್ಲರೂ ಸೇರಿ ಅವರನ್ನು ನೆನೆಯುವ ದಿನ ನೀನೇ ನಾಲ್ಕು ಮಾತಾಡಬೇಕು ಅಂತ ಅಕ್ಕ ಹೇಳಿಬಿಟ್ಟಳು. ಆಯ್ತು ಅಂದೆ. ಅಪ್ಪನ ಬಗ್ಗೆ ನನಗಿಂತ ಜಾಸ್ತಿ ಯಾರಿಗೆ ಗೊತ್ತು ಅನ್ನುವ ಧೈರ್ಯ.

ಅವತ್ತು ರಾತ್ರಿಯೇ ಕೂತು ಬರೆದೆ. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು, ಬಡ್ತಿ, ಇನ್ನೊಂದು ಬಡ್ತಿ, ನಿವೃತ್ತಿ. ಕೊನೆಗೆ ‘ಸರಳ ಸಜ್ಜನ, ಕುಟುಂಬವತ್ಸಲ’ ಅಂತ ಒಂದು ಸಾಲು. ಬೆಳಿಗ್ಗೆ ಎದ್ದು ಓದಿದರೆ ಬರೀ ಬಯೋಡೇಟಾ. ಅಪ್ಪನ ಹೆಸರು ತೆಗೆದು ಯಾವ ನಿವೃತ್ತ ಇಂಜಿನಿಯರ್ ಹೆಸರು ಹಾಕಿದರೂ ನಡೆಯುತ್ತಿತ್ತು. ‘ಕುಟುಂಬವತ್ಸಲ’ ಅಂತ ಯಾರಾದರೂ ಎದುರಿಗೇ ಅಂದಿದ್ದರೆ ಅಪ್ಪ ಕನ್ನಡಕದ ಮೇಲಿಂದ ನೋಡಿ ‘ಅಂದ್ರೆ?’ ಅಂತ ಕೇಳುತ್ತಿದ್ದರು. ಹರಿದು ಹಾಕಿದೆ.

ಆಮೇಲೆ ಅವರ ಜೊತೆ ಕೆಲಸ ಮಾಡಿದವರಿಗೆ ಫೋನ್ ಮಾಡಿದೆ. ಮೊದಲ ಮೂವರನ್ನು ‘ಅಪ್ಪ ಎಂಥವರು?’ ಅಂತ ಕೇಳಿದೆ. ಮೂವರೂ ‘ತುಂಬಾ ಒಳ್ಳೆಯವರು’ ಅಂದರು. ಮಗನೇ ಕೇಳುವಾಗ ಇನ್ನೇನು ಹೇಳುತ್ತಾರೆ, ಅಲ್ವಾ? ನಾಲ್ಕನೆಯವರ ಹೊತ್ತಿಗೆ ಪ್ರಶ್ನೆ ಬದಲಾಯಿಸಿದೆ. ‘ಅಪ್ಪನಿಗೆ ಸಿಟ್ಟು ಯಾವಾಗ ಬರುತ್ತಿತ್ತು?’ ಆ ಕಡೆಯಿಂದ ಜೋರು ನಗು. ನಲವತ್ತು ನಿಮಿಷ ಫೋನ್ ಇಡಲಿಲ್ಲ.

ಅಪ್ಪ ಪಂಪ್‌ಹೌಸಿನ ಇಂಜಿನಿಯರ್. ಪಂಪ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರಂತೆ. ಬೇರಿಂಗ್ ಸವೆದಿದ್ದರೆ ಅದರ ಗೊರಗೊರ ಲೋಹದೊಳಗಿಂದ ನೇರ ಕಿವಿಗೇ ಬರುತ್ತದೆ. ಪಂಪಿಗೆ ನೀರು ಬರುವ ಬದಿಯಲ್ಲಿ ಒತ್ತಡ ತೀರಾ ಇಳಿದರೆ ಇನ್ನೊಂದು ತೊಂದರೆ. ನೀರಿನಲ್ಲಿ ಆವಿಯ ಗುಳ್ಳೆ ಏಳುತ್ತವೆ, ಒತ್ತಡ ಜಾಸ್ತಿ ಇರುವ ಕಡೆ ಹೋಗಿ ಒಡೆಯುತ್ತವೆ. ಆಗ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು. ಹಾಗೇ ಬಿಟ್ಟರೆ ಇಂಪೆಲ್ಲರನ್ನು, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರವನ್ನು, ಹುಳ ತಿಂದ ಹಾಗೆ ತಿಂದುಹಾಕುತ್ತದೆ.

ಒಂದು ರಾತ್ರಿ ಒಬ್ಬ ಆಪರೇಟರ್ ಆ ಸದ್ದು ಕೇಳಿಯೂ ಲಾಗ್‌ಬುಕ್ಕಿನಲ್ಲಿ ‘ಎಲ್ಲ ಸರಿ ಇದೆ’ ಅಂತ ಬರೆದು ಕೂತಿದ್ದನಂತೆ. ಅಪ್ಪ ಕೂಗಾಡಲಿಲ್ಲ. ಪಂಪ್ ನಿಲ್ಲಿಸುವ ಮೊದಲು ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ‘ಕೇಳಿಸಿದ್ದನ್ನು ಬರಿ. ಕೇಳಿಸಬೇಕಾದ್ದನ್ನಲ್ಲ’ ಅಂದರಂತೆ.

‘ಆ ಆಪರೇಟರ್ ನಾನೇ’ ಅಂದರು ಫೋನಿನಲ್ಲಿದ್ದವರು.

ನನಗೆ ಗೊತ್ತಿದ್ದ ಸಿಟ್ಟು ಬೇರೆ. ಅದು ಲೆಕ್ಕದ್ದು. ಅಪ್ಪ ಓದಿದ್ದು ಸ್ಲೈಡ್ ರೂಲ್ ಕಾಲದಲ್ಲಿ. ನಡುವಿನ ಪಟ್ಟಿ ಜಾರಿಸಿ ಗುಣಾಕಾರ, ಭಾಗಾಕಾರ ಮಾಡುವ ಅಳತೆಪಟ್ಟಿ ಅದು. ಜೇಬಿಗೆ ಹಿಡಿಸುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಂದದ್ದೇ 1972ರಲ್ಲಿ. ಸ್ಲೈಡ್ ರೂಲಿನಲ್ಲಿ ಓದಲು ಸಿಗುವುದು ಸುಮಾರು ಮೂರು ಅಂಕಿ, ಅಷ್ಟೇ. ಉತ್ತರ 2.35ಓ, 23.5ಓ, 235ಓ ಅದು ಹೇಳುವುದಿಲ್ಲ. ಚುಕ್ಕಿ ಎಲ್ಲಿ ಅಂತ ನೀವೇ ತಲೆಯಲ್ಲಿ ಅಂದಾಜು ಮಾಡಿಕೊಂಡಿರಬೇಕು. ಹಾಗಾಗಿ ನಾನು ಕ್ಯಾಲ್ಕುಲೇಟರ್ ಮುಟ್ಟುವ ಮೊದಲೇ ‘ಸುಮಾರು ಎಷ್ಟು ಬರುತ್ತೆ?’ ಅನ್ನುತ್ತಿದ್ದರು. ಹೇಳದಿದ್ದರೆ ಕ್ಯಾಲ್ಕುಲೇಟರ್ ಅವರ ಜೇಬಿಗೆ. ಮುಂದೆ ನಾನು ಕೆಲಸ ಬಿಡ್ತೀನಿ ಅಂದಾಗಲೂ ಬೈಯಲಿಲ್ಲ. ‘ಕೈಯಲ್ಲಿರೋದು ಸುಮಾರು ಎಷ್ಟು ತಿಂಗಳಿಗೆ ಬರುತ್ತೆ?’ ಇಷ್ಟೇ ಕೇಳಿದ್ದು. ನನ್ನ ಹತ್ತಿರ ಅಂದಾಜು ಇರಲಿಲ್ಲ. ಕೆಲಸ ಬಿಡಲಿಲ್ಲ.

ಫೋಟೋ ಹುಡುಕಲು ಹೋಗಿ ಒಂದು ತಪ್ಪು ಮಾಡಿದೆ. ನಮ್ಮದು ಹಾಳೆಗೇ ಅಂಟು ಇರುವ, ಮೇಲೆ ಪ್ಲಾಸ್ಟಿಕ್ ಮುಚ್ಚುವ ಹಳೇ ಆಲ್ಬಮ್. ಫೋಟೋ ಕಿತ್ತೆ, ಮೂಲೆ ಹರಿದು ಅಲ್ಲೇ ಉಳಿಯಿತು. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೋ ಹಿಂದೆ ತೂರಿಸಿ ಗರಗಸದ ಹಾಗೆ ಆಚೆ ಈಚೆ ಎಳೆಯಬೇಕಂತೆ. ಆಮೇಲೆ ಹಾಗೇ ಮಾಡಿದೆ, ಸುಮಾರು ಬಿಟ್ಟುಕೊಂಡವು. ಬಿಡದವನ್ನು ಪುಟದಲ್ಲಿದ್ದ ಹಾಗೇ ಸ್ಕ್ಯಾನ್ ಮಾಡಿದೆ. ಅಷ್ಟು ಕಷ್ಟಪಟ್ಟರೂ ಅಪ್ಪ ಸಿಕ್ಕಿದ್ದು ನಾಲ್ಕೇ ಫೋಟೋದಲ್ಲಿ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇರುತ್ತಿತ್ತು.

ಬೇಕಾದದ್ದು ಸಿಕ್ಕಿದ್ದು ಟೂಲ್ ಬಾಕ್ಸಿನ ತಳದಲ್ಲಿ. ಮನೆಗೂ ಒಂದು ಲಾಗ್‌ಬುಕ್ ಇಟ್ಟಿದ್ದರು ಪುಣ್ಯಾತ್ಮರು! ‘ಹಾಲ್ ಫ್ಯಾನ್ ನಿಧಾನ, ಕೆಪಾಸಿಟರ್ ಬದಲಿಸಿದೆ.’ ‘ಬಚ್ಚಲ ನಲ್ಲಿ ಸೋರಿಕೆ, ನಿಮಿಷಕ್ಕೆ 22 ಹನಿ. ವಾಷರ್ ಹಾಕಿದ ಮೇಲೆ 0.’ ‘ಮಗಳ ಸೈಕಲ್ ಬ್ರೇಕ್, ಎಡಗಡೆ ಸಡಿಲ.’ ಹೀಗೇ ಪುಟಗಟ್ಟಲೆ. ನಗುತ್ತಾ ತಿರುವುತ್ತಿದ್ದೆ. ನಲ್ಲಿಗೂ ಸೈಕಲ್ಲಿಗೂ ನಡುವೆ ಒಂದು ಪುಟ ಬಂತು. ಮೇಲೆ ‘ಮಗು, ಉಸಿರು’ ಅಂತ. ಕೆಳಗೆ ಎರಡು ಕಾಲಂ.

11:00ಕ್ಕೆ 52. 11:30ಕ್ಕೆ 53. 12:00ಕ್ಕೆ 51. ಅರ್ಧ ಗಂಟೆಗೊಂದು ಸಲ, ಅದೇ ನೀಟಾದ ಅಂಕಿ. ಬೆಳಗಿನ ಜಾವ 5:00ಕ್ಕೆ 38. ಅಲ್ಲಿಗೆ ನಿಲ್ಲಿಸಿ ಕೆಳಗೆ ಗೆರೆ ಎಳೆದಿದ್ದರು. ಮರುದಿನ ಸೈಕಲ್ ಬ್ರೇಕ್.

ತಾರೀಖು ನೋಡಿ ಲೆಕ್ಕ ಹಾಕಿದೆ. ಆ ಮಗು ನಾನು, ಎಂಟು ತಿಂಗಳು. ಎರಡು ತಿಂಗಳು ದಾಟಿ ವರ್ಷ ತುಂಬದ ಮಗು ಕೆಮ್ಮಿನಲ್ಲಿ ನಿಮಿಷಕ್ಕೆ 50 ಸಲ ಅಥವಾ ಇನ್ನೂ ಜಾಸ್ತಿ ಉಸಿರಾಡಿದರೆ ನ್ಯುಮೋನಿಯಾ ಇರಬಹುದು ಅಂತ ವೈದ್ಯರು ಈಗಲೂ ಎಚ್ಚರ ವಹಿಸುತ್ತಾರೆ. ಅವತ್ತು ಸಂಜೆ ಡಾಕ್ಟರು ಔಷಧಿ ಕೊಟ್ಟು, ‘ಉಸಿರು ಎಣಿಸ್ತಾ ಇರಿ, ಇನ್ನೂ ಏರಿದರೆ ತಕ್ಷಣ ಕರೆತನ್ನಿ’ ಅಂದಿದ್ದರಂತೆ. ಅಪ್ಪ ರೀಡಿಂಗ್ ತೆಗೆದುಕೊಂಡಿದ್ದಾರೆ. ಒಂದು ದಿನವೂ ನನಗೆ ಇದನ್ನು ಹೇಳಿರಲಿಲ್ಲ.

ಹೊಸದಾಗಿ ಬರೆದೆ. ಸ್ಕ್ರೂಡ್ರೈವರ್, ಸ್ಲೈಡ್ ರೂಲ್, ಈ ಪುಟ. ಹುದ್ದೆಗಳೆಲ್ಲ ಸೇರಿ ಒಂದೇ ವಾಕ್ಯ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿದೆ. 650 ಪದಕ್ಕೆ ಏಳು ನಿಮಿಷ ಹಿಡಿಯಿತು. ಸುಮ್ಮನೆ ಕಣ್ಣಾಡಿಸಿದಾಗ ನಾಲ್ಕೇ ಅನ್ನಿಸಿತ್ತು. ಗಂಟಲು ಕಟ್ಟುವ ಜಾಗ ಎಲ್ಲೆಲ್ಲಿ ಅಂತ ಗೊತ್ತಾದದ್ದೂ ಹಾಗೆ ಓದಿದಾಗಲೇ. ಅಲ್ಲೆಲ್ಲ ಸಾಲು ಚಿಕ್ಕದು ಮಾಡಿದೆ.

ಹಿಂದಿನ ರಾತ್ರಿ ಅಮ್ಮನಿಗೆ ಓದಿ ತೋರಿಸಿದೆ. ‘ರಾತ್ರಿಯಿಡೀ ಕಣ್ಣು ಮುಚ್ಚದೆ’ ಅನ್ನುವ ಸಾಲಿಗೆ ಬಂದಾಗ ಅಮ್ಮ ಕೈ ಎತ್ತಿದರು.

‘ಮೂರೂವರೆದು ನೋಡು.’

ನೋಡಿದೆ. 3:00ಕ್ಕೆ 47. 4:00ಕ್ಕೆ 44. ನಡುವೆ 3:30 ಅಂತ ಬರೆದು ಮುಂದೆ ಖಾಲಿ. ನಾನು ಗಮನಿಸಿಯೇ ಇರಲಿಲ್ಲ.

‘ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಎಣಿಸಿದ್ದು ನಾನು. ಎದ್ದ ಮೇಲೆ ನಲವತ್ತಾರು ಅಂತ ಹೇಳಿದೆ. ನಾನು ನೋಡಿಲ್ಲ, ಬರೆಯಲ್ಲ ಅಂದುಬಿಟ್ಟರು.’ ನಲವತ್ತು ವರ್ಷ ಆಗಿದ್ದರೂ ಸಿಟ್ಟು ಹಾಗೇ ಇತ್ತು.

‘ಕಣ್ಣು ಮುಚ್ಚದೆ’ ಹೊಡೆದು ಹಾಕಿ, ಅಮ್ಮ ಹೇಳಿದ್ದನ್ನು ಸೇರಿಸಿದೆ. ಮರುದಿನ ಜನ ನಕ್ಕದ್ದು ಅದೊಂದೇ ಜಾಗದಲ್ಲಿ. ಆದರೆ ಆ ರಾತ್ರಿ ಅಮ್ಮನಿಗೆ ನನ್ನ ಭಾಷಣದ ಮೇಲೆ ಗಮನವೇ ಇರಲಿಲ್ಲ. ಲಾಗ್‌ಬುಕ್ ಎಳೆದುಕೊಂಡರು, ಕನ್ನಡಕ ಹಾಕಿಕೊಂಡರು, ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡು ಆ ಖಾಲಿ ಜಾಗದಲ್ಲಿ 46 ಅಂತ ಬರೆದರು.