ಕಡತ ಬಿಟ್ಟು ಕಲ್ಲು ಹಿಡಿದೆ: ನನ್ನ ಅನುಭವ

ಕಾಗದದ ಮಗ ಅಂದ್ರೆ ಬೇರೊಬ್ಬನ ಮಗ ಅಂತ ಸುಳ್ಳು ಕಾಗದ ಕೊಂಡು ಅಮೆರಿಕಕ್ಕೆ ಬಂದ ಚೀನೀಯ. ಅಂಥ ಒಬ್ಬರ ಮೂಲ ಹುಡುಕೋಕೆ ಸಮಾಧಿ ಕಲ್ಲಿನಿಂದ ಶುರು ಮಾಡ್ತೀನಿ ಅಂದಾಗ, ವಂಶಾವಳಿ ಹುಡುಕೋ ನಮ್ಮ ಗುಂಪಿನಲ್ಲಿ ನಗದವರೇ ಇಲ್ಲ. "ಕಾಗದದ ಮಗನ ನಿಜವಾದ ಮನೆತನ ಸಿಗೋದಿದ್ರೆ ಇಷ್ಟೊತ್ತಿಗೆ ಸಿಕ್ಕಿರೋದು, ಬಿಡೋ" ಅಂದವರು ಈಗ ಫೋನ್ ಮಾಡಿ ಹೇಗೆ ಹಿಡಿದೆ ಅಂತ ಕೇಳ್ತಾರೆ. ಅವರಿಗಾಗಿಯೇ ಇದು.

ಪಕ್ಕದ ಮನೆ ಚೀನೀ ಅಜ್ಜಿಯ ಅಪ್ಪ 1921ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ವಲಸೆ ತಪಾಸಣಾ ಕೇಂದ್ರ ಏಂಜೆಲ್ ಐಲೆಂಡ್ ದಾಟಿ ಬಂದವರು. ಚೀನೀ ಕೂಲಿಗಳನ್ನು ಅಮೆರಿಕದೊಳಗೆ ಬಿಡದ 1882ರ ಬಹಿಷ್ಕಾರ ಕಾನೂನು ಇತ್ತು. 1906ರ ಬೆಂಕಿಗೆ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆ ಸುಟ್ಟುಹೋದ ಮೇಲೆ, ನಾನು ಇಲ್ಲೇ ಹುಟ್ಟಿದ ಪ್ರಜೆ, ಚೀನಾದಲ್ಲಿ ನನಗೆ ಗಂಡುಮಕ್ಕಳಿದ್ದಾರೆ ಅಂತ ಬರೆಸಿ ಆ 'ಮಗ'ನ ಜಾಗ ಮಾರೋ ವ್ಯಾಪಾರ ಬೆಳೆಯಿತು. ವಯಸ್ಸಿನ ಒಂದೊಂದು ವರ್ಷಕ್ಕೆ ನೂರು ಡಾಲರ್ ಆಸುಪಾಸು ರೇಟು. ಹತ್ತೊಂಬತ್ತರ ಹುಡುಗ, ಅಂದ್ರೆ 1,900. ಬಂದ ಮೇಲೆ ಸಾಯೋವರೆಗೂ ಅವರ ಮನೆತನದ ಹೆಸರು ಕಾಗದದಲ್ಲಿದ್ದ ಚಿನ್. ಗಡೀಪಾರಿನ ಭಯಕ್ಕೆ ಮಗಳ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಮೊದಲ ವರ್ಷ ಪೂರ್ತಿ ದಂಡ. ಸ್ಯಾನ್ ಬ್ರೂನೋದ ಸರ್ಕಾರಿ ಪತ್ರಾಗಾರದಲ್ಲಿ ಚಿನ್ ಹೆಸರಿನ ವಲಸೆ ಕಡತ ಸುಲಭವಾಗಿಯೇ ಸಿಕ್ಕಿತು, ಅರವತ್ತು ಪುಟ ಇರಬೇಕು. ಅದರ ತುಂಬ ಅಧಿಕಾರಿಗಳ ಪ್ರಶ್ನೆ. ಸಾಲಿನಲ್ಲಿ ನಿಮ್ಮದು ಎಷ್ಟನೇ ಮನೆ? ಬಾವಿಗೆ ಎಷ್ಟು ಹೆಜ್ಜೆ? ಅಕ್ಕಿ ಡಬ್ಬ ಎಲ್ಲಿಡ್ತೀರಿ? ಹುಡುಗ ಪಟಪಟ ಉತ್ತರ ಕೊಟ್ಟಿದ್ದಾನೆ. ನಾನೂ ಅದನ್ನೆಲ್ಲ ನಂಬಿ, ಟ್ರೇಸಿಂಗ್ ಪೇಪರಿನಲ್ಲಿ ಊರಿನ ನಕ್ಷೆ ಬರೆದೆ. ಅದು ಕಾಗದ ಮಾರಿದವನ ಊರು, ಉತ್ತರವೆಲ್ಲ ಹಡಗಲ್ಲಿ ಉರು ಹೊಡೆದದ್ದು! ಒಬ್ಬ ಅನುವಾದಕರಿಗೆ ಸುರಿದ 300 ಡಾಲರೂ ನೀರುಪಾಲು. ದಕ್ಷಿಣ ಚೀನಾದ ತಾಯ್‌ಶಾನ್ ಕಡೆಯ ಉಚ್ಚಾರವನ್ನು ಅವರು ಬೀಜಿಂಗ್ ಉಚ್ಚಾರ ಅಂದುಕೊಂಡು ಬೇರೆಯೇ ಅಕ್ಷರ ಬರೆದುಕೊಟ್ಟಿದ್ದರು.

ಬುದ್ಧಿ ಬಂದದ್ದು ನನ್ನ ಪಾಸ್‌ಪೋರ್ಟಿನಿಂದ. ಇನಿಷಿಯಲ್ ಬಿಡಿಸಿ ಬರೆಯಲು ಹೋಗಿ, ಹಾಸನದ ಕಡೆಯ ನಮ್ಮೂರ ಹೆಸರೇ ನನಗೆ ಸರ್‌ನೇಮ್ ಆಗಿ ಅಂಟಿಕೊಂಡಿದೆ. ಸರ್ಕಾರಕ್ಕೆ ಒಂದು ಹೆಸರು, ಮನೆಯವರಿಗೆ ಇನ್ನೊಂದು. ಹಾಗಾದ್ರೆ ಅಧಿಕಾರಿ ಓದಲಾರದ, ಮನೆಯವರು ಮಾತ್ರ ಓದೋ ಹೆಸರು ಎಲ್ಲಿರುತ್ತೆ?

ಸಮಾಧಿ ಕಲ್ಲಿನ ಮೇಲೆ! ಅವರನ್ನು ಹೂತ ಕೋಲ್ಮಾ ಸ್ಮಶಾನ ಸ್ಯಾನ್ ಬ್ರೂನೋಗೆ ಹತ್ತಿರವೇ. ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಚಿನ್. ಚೀನೀ ಸಾಲಿನ ಮೊದಲಕ್ಷರಕ್ಕೆ, ಅಂದ್ರೆ ಮನೆತನದ ಹೆಸರಿಗೆ, ಎಡಗಡೆ 'ಮರ' ಅನ್ನೋ ಅರ್ಥದ ಅಕ್ಷರಭಾಗ. ಅದು ಚಿನ್ ಅಲ್ಲವೇ ಅಲ್ಲ, ಮೋಯ್! ಪಕ್ಕದಲ್ಲೇ ಹಳ್ಳಿಯ ಹೆಸರು. ಅಜ್ಜಿಗೆ ಚೀನೀ ಓದಲು ಬರಲ್ಲ, ಅಷ್ಟು ವರ್ಷ ಅದಕ್ಕೇ ಹೂ ಇಟ್ಟು ಬಂದಿದ್ದಾರೆ. (ಪಾಚಿ ಕಟ್ಟಿದ್ದರೆ ಬರೀ ನೀರು, ಮೆತ್ತನೆ ಬ್ರಷ್. ತಂತಿ ಬ್ರಷ್ ಮುಟ್ಟಬೇಡಿ.)

ಆಮೇಲೆ ಚಿನ್‌ಗಳನ್ನು ಬಿಟ್ಟು ಅದೇ ಹಳ್ಳಿಯ ಮೋಯ್‌ಗಳ ಕಡತ ತೆಗೆಸಿದೆ. ನಲವತ್ತೋ ನಲವತ್ತೆರಡೋ ನೋಡಿದ ಮೇಲೆ ಒಬ್ಬ ವ್ಯಾಪಾರಿಯ ಮಗ ಸಿಕ್ಕ. ತನ್ನದೇ ಹೆಸರಿನಲ್ಲಿ ಬಂದವನು, ತಮ್ಮನ ಎಡಹುಬ್ಬಿನ ಮೇಲೆ ಗಾಯದ ಗುರುತಿದೆ ಅಂತ ಹೇಳಿಕೆ ಕೊಟ್ಟಿದ್ದ. ನಮ್ಮ ಚಿನ್ ಫೋಟೋದಲ್ಲೂ ಅದೇ ಹುಬ್ಬು, ಅದೇ ಗಾಯ. ಇಬ್ಬರ ಕಾಗದವೂ ಗ್ರ್ಯಾಂಟ್ ಅವೆನ್ಯೂದ ಒಂದೇ ಅಂಗಡಿಯ ವಿಳಾಸಕ್ಕೆ. ನಲವತ್ತು ಕಡತವನ್ನು ಎರಡೇ ದಿನದಲ್ಲಿ ಜರಡಿ ಹಿಡಿಯೋಕೆ ಕಡತದ ನಂಬರಿನಲ್ಲೇ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ತೀನಿ.

ನಡುವೆ ಕೆನಡಾ ಕಡೆಗೂ ಕೈಹಾಕಿದ್ದೆ. ಅಲ್ಲಿ ಬಂದಿಳಿಯೋ ಚೀನೀಯರಿಗೆ ಹಾಕ್ತಿದ್ದ ತಲೆಗಂದಾಯ 1885ರಲ್ಲಿ 50 ಡಾಲರ್, 1903ಕ್ಕೆ 500. ಕಂದಾಯದ ರಿಜಿಸ್ಟರಿನಲ್ಲಿ ಎತ್ತರ, ಮೈಮೇಲಿನ ಗುರುತು ಎಲ್ಲ ಬರೆದಿದ್ದಾರೆ. ಇನ್ನೊಬ್ಬ ತಮ್ಮ ವಿಕ್ಟೋರಿಯಾದಲ್ಲಿ ಇಳಿದಿರಬಹುದು ಅಂತ ಎರಡು ತಿಂಗಳು ಕೂತೆ. ಕಣ್ಣು ನೋವು ಬಂತು, ತಮ್ಮ ಬರಲಿಲ್ಲ. ಆಸ್ಟ್ರೇಲಿಯಾದವರು, ಊರಿಗೆ ಹೋಗಿ ಮರಳೋ ಚೀನೀಯರಿಗೆ ಕೊಡ್ತಿದ್ದ ವಿನಾಯಿತಿ ಪತ್ರದ ಹಿಂದೆ ಅಂಗೈ ಗುರುತೇ ಒತ್ತಿಸಿಕೊಳ್ತಿದ್ದರು. ಆ ಅದೃಷ್ಟ ನಮಗಿಲ್ಲ.

ಪೆಟ್ರೋಲ್, ನಕಲು, ಅನುವಾದ ಎಲ್ಲ ಸೇರಿ ಒಂಬೈನೂರು ಡಾಲರ್ ಹತ್ತಿರ ಹೋಗಿದೆ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದಾಗ ಅಜ್ಜಿ ಕೇಳಿದ್ದು ಒಂದೇ: "ಆ 1,900 ಸಾಲ ತೀರಿತಾ?"

ಈಗ ಆ ಅಂಗಡಿಯ ಲೆಕ್ಕದ ಪುಸ್ತಕ ಹುಡುಕ್ತಿದ್ದೀನಿ.