ನೋಟಿಸು ಬಂದ ದಿನವೇ ಫೋನ್ ಮಾಡಿ: ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಬಾಗಿಲಿಗೆ ನೋಟಿಸು ಅಂಟಿಸಿ ಹೋಗಿದ್ದಾರೆ. ಬಾಡಿಗೆ ಬಾಕಿ ಇದೆ, ಮೂರು ದಿನದಲ್ಲಿ ಕಟ್ಟಿ, ಇಲ್ಲಾ ಮನೆ ಖಾಲಿ ಮಾಡಿ ಅಂತ. ಆಗ ನಮ್ಮಲ್ಲಿ ಬಹಳ ಮಂದಿ ಮಾಡುವುದು ಒಂದೇ ಕೆಲಸ. ಅದನ್ನು ಮಡಚಿ ಡ್ರಾಯರ್‌ಗೆ ಹಾಕುತ್ತಾರೆ, ಯಾರಿಗೂ ಹೇಳುವುದಿಲ್ಲ, ಊರಿಂದ ಫೋನ್ ಬಂದರೆ ‘ಎಲ್ಲಾ ಚೆನ್ನಾಗಿದೆ ಅಮ್ಮ’ ಅಂದು ಇಟ್ಟುಬಿಡುತ್ತಾರೆ. ಮರ್ಯಾದೆ ಪ್ರಶ್ನೆ ಅಲ್ವಾ? ಆದರೆ ಸಿಲಿಕಾನ್ ವ್ಯಾಲಿಯಲ್ಲಿ ಆ ಮೂರು ದಿನಕ್ಕೆ ಇರುವ ಬೆಲೆ ಆಮೇಲಿನ ಮೂರು ತಿಂಗಳಿಗೂ ಇಲ್ಲ. ಮನೆ ಹೋಗುವ ಮುಂಚೆ ಸಿಗುವ ಸಹಾಯ ಬೇಗ ಸಿಗುತ್ತದೆ. ಹೋದ ಮೇಲೆ ಸಿಗುವುದಕ್ಕೆ ಸಾಲು ಉದ್ದ.

ಮೊದಲು ಯಾರನ್ನು ಕೇಳಬೇಕು ಅನ್ನುವುದು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಸ್ಯಾನ್ ಹೋಸೆ, ಸನ್ನಿವೇಲ್, ಕ್ಯುಪರ್ಟಿನೊ ಸೇರಿ 15 ನಗರಗಳು ಸಾಂಟಾ ಕ್ಲಾರಾ ಕೌಂಟಿಯೊಳಗಿವೆ. ಜನ ಆರಿಸಿದ 5 ಮಂದಿ ಸೂಪರ್‌ವೈಸರ್‌ಗಳು ಇದನ್ನು ನಡೆಸುತ್ತಾರೆ, ಜಿಲ್ಲಾಧಿಕಾರಿ ಇಲ್ಲ. ಸಿಟಿ ಬೇರೆ, ಕೌಂಟಿ ಬೇರೆ. ಮನೆ ಇಲ್ಲದವರಿಗೆ ನೆರವಾಗುವ ಮುಖ್ಯ ಕಚೇರಿ ಕೌಂಟಿಯದು, ಹೆಸರು ಆಫೀಸ್ ಆಫ್ ಸಪೋರ್ಟಿವ್ ಹೌಸಿಂಗ್. ನೀವು ನೇರವಾಗಿ ಅಲ್ಲಿಗೆ ಓಡಬೇಕಿಲ್ಲ, ಫೋನಿಂದಲೇ ಶುರು ಮಾಡಬಹುದು.

ನೋಟಿಸನ್ನು ಪೂರ್ತಿ ಓದಿ

ಮೂರು ದಿನ ಅಂದರೆ ಬರೀ ಮೂರು ದಿನ ಅಲ್ಲ. ಬಾಡಿಗೆ ಬಾಕಿಯ ನೋಟಿಸಿನಲ್ಲಿ ಶನಿವಾರ, ಭಾನುವಾರ, ಕೋರ್ಟಿನ ರಜೆ ಲೆಕ್ಕಕ್ಕಿಲ್ಲ. ಆ ದಿನಗಳು ಮುಗಿದವು ಅಂತ ಓನರ್ ಬಂದು ಬೀಗ ಬದಲಾಯಿಸುವ ಹಾಗಿಲ್ಲ, ಕರೆಂಟು ನೀರು ಕಟ್ ಮಾಡುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನಿಗೆ ವಿರುದ್ಧ. ಅವರು ಕೋರ್ಟಿಗೆ ಹೋಗಬೇಕು, ಗೆಲ್ಲಬೇಕು, ಆಮೇಲೂ ನಿಮ್ಮನ್ನು ಹೊರಗೆ ಕಳಿಸಬೇಕಾದರೆ ಶೆರಿಫ್ ಕಚೇರಿಯವರೇ ಬರಬೇಕು.

ನೋಟಿಸಿನಲ್ಲಿ ಬಾಕಿ ಮೊತ್ತ ಸರಿಯಾಗಿದೆಯೇ ನೋಡಿ. ಸ್ವಲ್ಪ ದುಡ್ಡು ಕಟ್ಟಿ ಮಿಕ್ಕಿದ್ದಕ್ಕೆ ಟೈಮ್ ಕೇಳುತ್ತೀರಾದರೆ ಬಾಯಿಮಾತಲ್ಲಿ ಬಿಡಬೇಡಿ, ಒಂದು ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ. ಬಾಕಿಯೇ ಇಲ್ಲ, ಸುಮ್ನೆ ಖಾಲಿ ಮಾಡಿ ಅನ್ನುತ್ತಿದ್ದಾರೆ ಅಂದರೆ ಅದು ಬೇರೆ ಕಥೆ. 2019ರ ರಾಜ್ಯ ಕಾನೂನಿನ ಪ್ರಕಾರ ಒಂದೇ ಮನೆಯಲ್ಲಿ 12 ತಿಂಗಳು ಇದ್ದ ಬಾಡಿಗೆದಾರರನ್ನು ಕಾರಣ ಇಲ್ಲದೆ ಬಿಡಿಸುವಂತಿಲ್ಲ. ಬಾಡಿಗೆಯನ್ನೂ ವರ್ಷಕ್ಕೆ 5% ಜೊತೆಗೆ ಬೆಲೆ ಏರಿಕೆಯಷ್ಟು, ಒಟ್ಟು 10% ಮೀರದ ಹಾಗೆ ಮಾತ್ರ ಏರಿಸಬಹುದು. ಆದರೆ 15 ವರ್ಷ ಆಗದ ಕಟ್ಟಡಗಳಿಗೂ, ಬೇರೆ ಬೇರೆಯಾಗಿ ನಿಂತ ಹಲವು ಒಂಟಿ ಮನೆಗಳಿಗೂ ಇದು ಅನ್ವಯಿಸುವುದಿಲ್ಲ.

ಅದೇ ದಿನ ಫೋನ್

2-1-1 ಒತ್ತಿ. ಬಾಡಿಗೆ, ಊಟ, ಆಸ್ಪತ್ರೆ, ಏನೇ ಇರಲಿ, ಎಲ್ಲಿ ಕೇಳಬೇಕು ಅನ್ನುವುದನ್ನು ಅಲ್ಲಿ ಹೇಳುತ್ತಾರೆ. ‘ಹೋಮ್‌ಲೆಸ್‌ನೆಸ್ ಪ್ರಿವೆನ್ಷನ್’ ಬೇಕು ಅಂತ ಅದೇ ಪದ ಬಳಸಿ ಕೇಳಿ, ಮಾತು ಬೇಗ ಮುಗಿಯುತ್ತದೆ. ಡೆಸ್ಟಿನೇಷನ್ ಹೋಮ್ ಸಂಸ್ಥೆ, ಕೌಂಟಿ ಮತ್ತು ಹಲವು ಸೇವಾ ಸಂಸ್ಥೆಗಳು 2017ರಿಂದ ಈ ಯೋಜನೆ ನಡೆಸುತ್ತಿವೆ. ಸ್ಯಾನ್ ಹೋಸೆಯ ಸೌತ್ ಫಸ್ಟ್ ಸ್ಟ್ರೀಟ್‌ನಲ್ಲಿರುವ ಸೇಕ್ರೆಡ್ ಹಾರ್ಟ್ ಕಮ್ಯುನಿಟಿ ಸರ್ವಿಸ್ ಅವುಗಳಲ್ಲಿ ಮುಖ್ಯವಾದದ್ದು. ಆದಾಯ ಕಡಿಮೆ ಇದ್ದು ಮನೆ ಕಳೆದುಕೊಳ್ಳುವ ಅಂಚಿಗೆ ಬಂದವರ ಬಾಕಿ ಬಾಡಿಗೆಯನ್ನೋ ಹೊಸ ಮನೆಯ ಡಿಪಾಸಿಟ್ಟನ್ನೋ ಇವರು ಕಟ್ಟುತ್ತಾರೆ.

ಇದು ಸುಮ್ನೆ ದಾನ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಇದೇ ಯೋಜನೆಯನ್ನು ಪರೀಕ್ಷೆ ಮಾಡಿದರು. ನೆರವಿನ ಸರಾಸರಿ ಸುಮಾರು 2,000 ಡಾಲರ್. ಸಿಕ್ಕವರು ಆರು ತಿಂಗಳೊಳಗೆ ಮನೆ ಇಲ್ಲದವರಾಗುವ ಸಾಧ್ಯತೆ ಸಿಗದವರಿಗಿಂತ 81% ಕಡಿಮೆ ಇತ್ತು. ಈ ಊರಲ್ಲಿ ಎರಡು ಸಾವಿರ ಡಾಲರ್ ಅಂದರೆ ಒಂದು ತಿಂಗಳ ಬಾಡಿಗೆಗೂ ಸಾಲದು, ನೆನಪಿರಲಿ.

ಫೋನ್ ಮಾಡುವ ಮುಂಚೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ: ಲೀಸ್, ನೋಟಿಸು, ಮನೆಯವರೆಲ್ಲರ ಗುರುತಿನ ಚೀಟಿ, ಇತ್ತೀಚಿನ ಪೇ ಸ್ಲಿಪ್ ಅಥವಾ ಕೆಲಸ ಹೋದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್. ದುಡ್ಡು ಸಾಮಾನ್ಯವಾಗಿ ನಿಮ್ಮ ಕೈಗೆ ಬರುವುದಿಲ್ಲ, ನೇರ ಓನರ್‌ಗೆ ಹೋಗುತ್ತದೆ. ಅದಕ್ಕೇ ಓನರ್ ಜೊತೆ ಜಗಳ ಮಾಡಿಕೊಂಡು ಕೂತಿರಬೇಡಿ.

ವೀಸಾ ಮೇಲೆ ಇರುವವರಿಗೆ ಇಲ್ಲಿ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿ ಇದ್ದು ಕೆಲಸ ಹೋದರೆ, ಬೇರೆ ಕೆಲಸ ಹುಡುಕಲೋ ದೇಶ ಬಿಡಲೋ ಹೆಚ್ಚೆಂದರೆ 60 ದಿನ. ಸರ್ಕಾರದ ನೆರವು ಪಡೆದರೆ ಗ್ರೀನ್ ಕಾರ್ಡಿಗೆ ತೊಂದರೆಯೇ ಅನ್ನುವುದನ್ನು ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಳಬೇಡಿ, ವಲಸೆ ವಕೀಲರನ್ನು ಕೇಳಿ.

ಕೋರ್ಟಿನ ಕಾಗದ ಬಂದರೆ

ಜನ ಸೋಲುವುದು ಹೆಚ್ಚಾಗಿ ಇಲ್ಲೇ, ಅದೂ ಉತ್ತರ ಕೊಡದೆ ಸೋಲುತ್ತಾರೆ. ಮೊದಲು 5 ದಿನದಲ್ಲಿ ಉತ್ತರ ಕೊಡಬೇಕಿತ್ತು. 2025ರ ಜನವರಿ 1ರಿಂದ ಅದು 10 ದಿನ ಆಗಿದೆ, ರಜೆ ದಿನಗಳನ್ನು ಬಿಟ್ಟು. ಅಷ್ಟರಲ್ಲಿ ನೀವು ಬಾಯಿ ಬಿಡದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು. ಶುಲ್ಕ ಕಟ್ಟಲು ಆಗದವರು ಮನ್ನಾ ಕೇಳಬಹುದು. ಆದಾಯ ಕಡಿಮೆ ಇದ್ದರೆ ಲಾ ಫೌಂಡೇಶನ್ ಆಫ್ ಸಿಲಿಕಾನ್ ವ್ಯಾಲಿಯಲ್ಲಿ ಬಾಡಿಗೆದಾರರಿಗೆ ಉಚಿತ ಕಾನೂನು ನೆರವಿದೆ.

ಮನೆ ಹೋಗಿಯೇ ಬಿಟ್ಟರೆ

ಆಗ ಕೌಂಟಿಯ ‘ಹಿಯರ್ ಫಾರ್ ಯೂ’ ಸಹಾಯವಾಣಿ. ಅದರ ನಂಬರ್ 2-1-1ರಲ್ಲೂ ಸಿಗುತ್ತದೆ. ಶೆಲ್ಟರ್‌ನಲ್ಲಿ ಹಾಸಿಗೆ ಇದೆಯೇ ಅಂತ ನೋಡಿ ಹೇಳುತ್ತಾರೆ. ಇಲ್ಲ ಅನ್ನುವ ಉತ್ತರವೂ ಬರಬಹುದು, ಬಿಡದೆ ಮತ್ತೆ ಮತ್ತೆ ಮಾಡಿ. 2025ರ ಜನವರಿಯ ಎಣಿಕೆಯಲ್ಲಿ ಈ ಕೌಂಟಿಯಲ್ಲಿ ಮನೆ ಇಲ್ಲದವರು 10,711 ಮಂದಿ. ಅವರಲ್ಲಿ ಹೆಚ್ಚಿನವರು ಶೆಲ್ಟರ್‌ನಲ್ಲೂ ಇರಲಿಲ್ಲ.

ಜೊತೆಗೆ ‘ಅಸೆಸ್‌ಮೆಂಟ್’ ಮಾಡಿ ಅಂತ ಕೇಳಿ. ಆರೋಗ್ಯ, ಎಷ್ಟು ದಿನದಿಂದ ಹೊರಗಿದ್ದೀರಿ, ಮಕ್ಕಳಿದ್ದಾರಾ, ಹೀಗೆ ಪ್ರಶ್ನೆಗಳಿರುತ್ತವೆ. ಕೌಂಟಿಯ ಮನೆಗಳಿಗೆ ಒಂದೇ ಪಟ್ಟಿ. ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಅಲ್ಲ, ಕಷ್ಟ ಜಾಸ್ತಿ ಇದ್ದವರಿಗೆ ಮೊದಲು. ಅಲ್ಲಿ ಸ್ವಾಭಿಮಾನದಿಂದ ಕಾಯಿಲೆ ಮುಚ್ಚಿಟ್ಟರೆ ನಷ್ಟ ನಿಮಗೇ.

ಒಂದು ವಿಚಿತ್ರ ನಿಯಮ ಇದೆ. ಗೆಳೆಯರ ಮನೆ ಸೋಫಾದ ಮೇಲೆ ಮಲಗುತ್ತಿದ್ದರೆ ಒಕ್ಕೂಟ ಸರ್ಕಾರದ ವಸತಿ ಇಲಾಖೆ ಲೆಕ್ಕದಲ್ಲಿ ನೀವು ಸಾಮಾನ್ಯವಾಗಿ ಮನೆ ಇಲ್ಲದವರಲ್ಲ. ಕಾರಿನಲ್ಲಿ ಮಲಗಿದರೆ ಹೌದು. ಆದರೆ ಶಾಲೆಯ ಕಾನೂನು ಬೇರೆ, ಅಲ್ಲಿ ಕಷ್ಟಕ್ಕೆ ಸಿಕ್ಕಿ ಬೇರೆಯವರ ಮನೆಯಲ್ಲಿರುವ ಮಗುವೂ ಲೆಕ್ಕಕ್ಕೆ ಬರುತ್ತದೆ. ವಿಳಾಸದ ದಾಖಲೆ ಇಲ್ಲದಿದ್ದರೂ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲೇಬೇಕು, ಹಳೆಯ ಶಾಲೆಯಲ್ಲೇ ಮುಂದುವರಿಯಲೂಬಹುದು.

ಕಾರು ಅಥವಾ ಆರ್‌ವಿಯಲ್ಲಿ (ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ದೊಡ್ಡ ಗಾಡಿ) ಇರುವವರು ‘ಸೇಫ್ ಪಾರ್ಕಿಂಗ್’ ಕೇಳಿ. ಗೂಗಲ್ ಕಚೇರಿ ಇರುವ ಮೌಂಟನ್ ವ್ಯೂ ಬೀದಿಗಳಲ್ಲಿ ಆರ್‌ವಿಗಳ ಸಾಲು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಅಲ್ಲಿನ ಮತದಾರರು 2020ರಲ್ಲಿ ಕಿರಿದಾದ ರಸ್ತೆಗಳಲ್ಲಿ ದೊಡ್ಡ ಗಾಡಿ ನಿಲ್ಲಿಸದ ಹಾಗೆ ಮಾಡಿದರು. ಅದಕ್ಕೇ ರಾತ್ರಿ ನಿಲ್ಲಿಸಲು ಅನುಮತಿ ಇರುವ ಜಾಗ ಬೇಕಾಗುತ್ತದೆ.

ಮನೆಯೊಳಗೆ ಹೊಡೆತ ತಾಳಲಾರದೆ ಹೊರಬರುವ ಹೆಣ್ಣುಮಕ್ಕಳಿಗೆ ಈ ದಾರಿಗಳಲ್ಲದೆ ಇನ್ನೊಂದಿದೆ. 1991ರಿಂದ ಇರುವ ಮೈತ್ರಿ ಸಂಸ್ಥೆ ಮುಖ್ಯವಾಗಿ ದಕ್ಷಿಣ ಏಷ್ಯಾದವರಿಗಾಗಿಯೇ ಇದೆ. ಅವರಲ್ಲಿ ಸಹಾಯವಾಣಿ, ತಾತ್ಕಾಲಿಕ ವಸತಿ, ಕಾನೂನು ನೆರವು ಎಲ್ಲಾ ಇವೆ. ಗಂಡನ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾ ಮೇಲೆ ಬಂದು ಕೈಯಲ್ಲಿ ಸ್ವಂತ ಡಾಲರ್ ಇಲ್ಲದವರಿಗೆ ‘ಗಂಡನ ಹೆಸರಲ್ಲೇ ಎಲ್ಲಾ ಇದೆ’ ಅಂತ ಅಲ್ಲಿ ಬಿಡಿಸಿ ಹೇಳಬೇಕಾಗುವುದಿಲ್ಲ.

ನೀವೇ ಓನರ್ ಆಗಿದ್ದರೆ

ಕೌಂಟಿಯಲ್ಲಿ ಮನೆ ಇರುವವರು ಆಸ್ತಿ ತೆರಿಗೆ ಬಿಲ್ ತೆಗೆದು ನೋಡಿ. 2016ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಮೆಷರ್ ಎ ಎಂಬ 95 ಕೋಟಿ ಡಾಲರ್ ಸಾಲಪತ್ರ ತೀರುತ್ತಿರುವುದು ಆ ತೆರಿಗೆಯಿಂದ. ಅದರಲ್ಲಿ 70 ಕೋಟಿ, ಆದಾಯ ತೀರಾ ಕಡಿಮೆ ಇರುವವರ ಮನೆಗಳಿಗೆ. ಅಂದರೆ ದುಡ್ಡು ಹೇಗೂ ಕೊಡುತ್ತಿದ್ದೀರಿ.

ಇನ್ನು ಒಂದು ಕಾಂಡೊ ಬಾಡಿಗೆಗೆ ಕೊಡುವವರಿಗೆ. 2024ರ ಜುಲೈ 1ರಿಂದ ಡಿಪಾಸಿಟ್ ಒಂದು ತಿಂಗಳ ಬಾಡಿಗೆಯಷ್ಟು ಮಾತ್ರ, ಒಂದೆರಡು ಮನೆ ಇರುವ ಸಣ್ಣ ಓನರ್‌ಗಳಾದರೆ ಎರಡು ತಿಂಗಳು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಮರೆತುಬಿಡಿ. ಹಾಗೆಯೇ, ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ‘ಸೆಕ್ಷನ್ 8’ನಂಥ ವೋಚರ್ ತಂದವರನ್ನು ವೋಚರ್ ಇದೆ ಎಂಬ ಒಂದೇ ಕಾರಣಕ್ಕೆ 2020ರಿಂದ ಬೇಡ ಅನ್ನುವಂತಿಲ್ಲ. ‘ಸೆಕ್ಷನ್ 8 ಬೇಡ’ ಅಂತ ಜಾಹೀರಾತಿನಲ್ಲಿ ಹಾಕಿದ್ದರೆ ಇವತ್ತೇ ತೆಗೆಯಿರಿ.